ಟಿಕಿಂಟರ್‌ನಲ್ಲಿ ಬಟನ್ ಯಾಕೆ ಕೆಂಪಾಗಲ್ಲ?

ನಮ್ಮ ಭಾವನ ಹಾರ್ಡ್‌ವೇರ್ ಅಂಗಡಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಬಿಲ್ಲಿಂಗ್ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ, ಕಿಟಕಿ, ಬಟನ್ ಎಲ್ಲ ಬಿಡಿಸುವ ಟಿಕಿಂಟರ್ ಲೈಬ್ರರಿ ಬಳಸಿ. ಅದರಲ್ಲಿ 'ಉಳಿಸಿ', 'ಅಳಿಸಿ' ಎರಡು ಬಟನ್ ಅಕ್ಕಪಕ್ಕ. ಎರಡೂ ಒಂದೇ ಬೂದು ಬಣ್ಣ, ವ್ಯತ್ಯಾಸ ಅಂದರೆ ಒಂದಕ್ಷರ. ಶನಿವಾರ ಸಂಜೆ ಗಿರಾಕಿ ಜಾಸ್ತಿ ಇದ್ದಾಗ ಉದ್ದದ ಬಿಲ್ಲೊಂದು ಮಾಯವಾಯಿತು. "ಏನಪ್ಪಾ ಇದು, ಒಂದಕ್ಕಾದ್ರೂ ಕೆಂಪು ಬಳಿಯೋಕೆ ಆಗಲ್ವಾ?" ಅಂತ ಫೋನ್ ಬಂತು. ಐದು ನಿಮಿಷದ ಕೆಲಸ ಅಂದುಕೊಂಡು ಕೂತೆ, ಭಾನುವಾರ ಪೂರ್ತಿ ಹೋಯಿತು. ನಿಮ್ಮ ಭಾನುವಾರ ಉಳಿಯಲಿ ಅಂತ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲಿ ಹಾಕಿದ್ದೇನೆ, ಕೋಡ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಮೊದಲು ನಿಮ್ಮ ಬಟನ್ ಯಾವುದು ಅಂತ ನೋಡಿಕೊಳ್ಳಿ. ಟಿಕಿಂಟರ್‌ನಲ್ಲಿ ಬಟನ್ ಎರಡು ಥರ. ಒಂದು ಹಳೆಯದು, ಅದಕ್ಕೆ 'ಬಿಜಿ', 'ಎಫ್‌ಜಿ' (ಹಿನ್ನೆಲೆ, ಅಕ್ಷರ) ಅಂತ ನೇರವಾಗಿ ಬಣ್ಣ ಕೊಡಬಹುದು. ಇನ್ನೊಂದು ಟಿಟಿಕೆಯದು, ಅಂದರೆ ಟಿಕಿಂಟರ್ ಒಳಗೇ ಇರುವ ಹೊಸ ಲೈಬ್ರರಿಯದು. ಇದು ನೋಡಲು ಚೆನ್ನಾಗಿದೆ, ಆದರೆ 'ಬಿಜಿ' ಕೊಟ್ಟರೆ 'ಅನ್‌ನೋನ್ ಆಪ್ಷನ್' ಅಂತ ಎರರ್ ಕೊಡುತ್ತದೆ. ಎರಡು ಲೈಬ್ರರಿಯನ್ನೂ (ಟಿಟಿಕೆ ಕೊನೆಗೆ) ಸ್ಟಾರ್ ಹಾಕಿ ಇಂಪೋರ್ಟ್ ಮಾಡಿದ್ದರೆ ಟಿಟಿಕೆಯ ಬಟನ್ ಹಳೆಯದರ ಜಾಗದಲ್ಲಿ ಸದ್ದಿಲ್ಲದೆ ಬಂದು ಕೂತಿರುತ್ತದೆ. ವಿಂಡೋಸ್‌ನಲ್ಲಿ ಒಂದೇ ಒಂದು ಬಟನ್ ಕೆಂಪಾದರೆ ಸಾಕು ಅನ್ನುವವರು ಅದೊಂದಕ್ಕೆ ಹಳೆಯ ಬಟನ್ ಹಾಕಿ ಮುಗಿಸಿ. ನಾಚಿಕೆ ಏನೂ ಬೇಡ. ಮ್ಯಾಕ್‌ನಲ್ಲಿ ಮಾತ್ರ ಆ ಹಳೆಯ ಬಟನ್ನೂ ಬಣ್ಣದ ಮಾತು ಕೇಳುವುದಿಲ್ಲ.

ಟಿಟಿಕೆಯಲ್ಲಿ ಬಣ್ಣ ಬಟನ್‌ಗೆ ಸೇರಿದ್ದಲ್ಲ, ಸ್ಟೈಲ್‌ಗೆ ಸೇರಿದ್ದು. ಸ್ಟೈಲ್ ಅನ್ನುವ ಆಬ್ಜೆಕ್ಟ್ ಮಾಡಿಕೊಂಡು, ಅದರ 'ಕಾನ್ಫಿಗರ್'‌ಗೆ 'ಡೇಂಜರ್ ಡಾಟ್ ಟಿಬಟನ್' ಅಂತ ಹೆಸರು ಕೊಟ್ಟು, ಬ್ಯಾಕ್‌ಗ್ರೌಂಡ್ ಕೆಂಪು (ಹ್ಯಾಶ್ ಹಾಕಿ 990000), ಫೋರ್‌ಗ್ರೌಂಡ್ ಬಿಳಿ ಅಂತ ಬರೆಯಿರಿ. ಆಮೇಲೆ ಬಟನ್ ಮಾಡುವಾಗ 'ಸ್ಟೈಲ್' ಅನ್ನುವ ಕಡೆ ಅದೇ ಹೆಸರು ಕೊಡಿ. ಡಾಟ್ ಆದ ಮೇಲಿನ 'ಟಿಬಟನ್' ಅಪ್ಪನ ಹೆಸರು ಇದ್ದ ಹಾಗೆ. ನೀವು ಹೇಳದೆ ಬಿಟ್ಟದ್ದೆಲ್ಲ ಅಲ್ಲಿಂದ ಬರುತ್ತದೆ. ಅದಕ್ಕಿಂತ ಮೊದಲಿನ 'ಡೇಂಜರ್' ನಿಮ್ಮಿಷ್ಟ.

ರನ್ ಮಾಡಿದಿರಾ? ವಿಂಡೋಸ್ ಆದರೆ ಸುತ್ತ ಒಂದು ಕೆಂಪು ಅಂಚು ಬಂದಿರುತ್ತದೆ, ನಡುವೆ ಅದೇ ಬೂದು. ನಾನು ಮಧ್ಯಾಹ್ನದ ಊಟದವರೆಗೆ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಕೋಡ್ ತಪ್ಪಿಲ್ಲ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬರುವ ಥೀಮ್ 'ವಿಸ್ಟಾ', ಅದು ಬಟನ್‌ನ ಮೈಯನ್ನು ತಾನು ಬಿಡಿಸುವುದೇ ಇಲ್ಲ, ವಿಂಡೋಸ್‌ಗೇ ಬಿಡಿಸಲು ಹೇಳುತ್ತದೆ, ಹಾಗಾಗಿ ನೀವು ಕೊಟ್ಟ ಬಣ್ಣ ಅಲ್ಲಿಗೆ ತಲುಪುವುದಿಲ್ಲ. ಮ್ಯಾಕ್‌ನ 'ಆಕ್ವಾ' ಥೀಮ್ ಕೂಡ ಇದೇ ಜಾತಿ. 'ಕ್ಲಾಮ್', 'ಆಲ್ಟ್', 'ಡಿಫಾಲ್ಟ್', 'ಕ್ಲಾಸಿಕ್' ನಾಲ್ಕು ಮಾತ್ರ ತಾವೇ ಬಿಡಿಸುತ್ತವೆ, ಎಲ್ಲ ಕಡೆಯೂ ಸಿಗುತ್ತವೆ. ನನಗೆ ಹಿಡಿಸಿದ್ದು ಕ್ಲಾಮ್, ಉಳಿದವು ತೀರಾ ಹಳೇ ಕಾಲದವು. 'ಥೀಮ್ ಅಂಡರ್‌ಸ್ಕೋರ್ ಯೂಸ್'‌ಗೆ ಕ್ಲಾಮ್ ಅಂತ ಕೊಡಿ. ಆದರೆ ಈ ಸಾಲು ಕಾನ್ಫಿಗರ್‌ಗಿಂತ ಮೇಲೆ ಇರಬೇಕು. ನೀವು ಹೇಳಿದ ಬಣ್ಣ ಆ ಹೊತ್ತಿಗೆ ಯಾವ ಥೀಮ್ ಇದೆಯೋ ಅದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ಆಮೇಲೆ ಥೀಮ್ ಬದಲಾಯಿಸಿದರೆ ಎಲ್ಲ ನೀರಲ್ಲಿ ಹೋಮ.

ಈಗ ಕೆಂಪು ಬಂತು. ಮೌಸ್ ಅದರ ಮೇಲೆ ತನ್ನಿ. ಬಟನ್ ಬಿಳಿಚಿಕೊಂಡು ಅಕ್ಷರವೇ ಕಾಣದಂತೆ ಆಯಿತು, ಅಲ್ವಾ? ಮೌಸ್ ಮೇಲಿದ್ದಾಗ ಬಣ್ಣ ತಿಳಿಯಾಗಬೇಕು ಅಂತ ಕ್ಲಾಮ್‌ನಲ್ಲಿ ಮೊದಲೇ ಬರೆದಿದೆ, ನಿಮ್ಮ ಬಿಳಿ ಅಕ್ಷರ ಅದರಲ್ಲಿ ಕರಗಿಹೋಗುತ್ತದೆ. ಇದಕ್ಕೆ 'ಮ್ಯಾಪ್' ಬೇಕು. ಅಲ್ಲಿ ಒಂದೊಂದು ಸ್ಥಿತಿಗೂ ಬೇರೆ ಬಣ್ಣ ಕೊಡಬಹುದು: 'ಡಿಸೇಬಲ್ಡ್' ಆದರೆ ಬೂದು, 'ಪ್ರೆಸ್ಡ್' ಆದರೆ ಕಡುಗೆಂಪು, 'ಆಕ್ಟಿವ್' ಆದರೆ ಸ್ವಲ್ಪ ತಿಳಿಗೆಂಪು. ಪಟ್ಟಿಯನ್ನು ಇದೇ ಕ್ರಮದಲ್ಲಿ ಬರೆಯಿರಿ, ಯಾಕೆಂದರೆ ಮೇಲಿನಿಂದ ನೋಡುತ್ತಾ ಮೊದಲು ಹೊಂದಿದ್ದನ್ನೇ ಅದು ಹಿಡಿದುಕೊಳ್ಳುತ್ತದೆ. ಬಟನ್ ಒತ್ತಿದಾಗ ಮೌಸ್ ಕೂಡ ಅದರ ಮೇಲೇ ಇರುತ್ತದಲ್ಲ, ಆಕ್ಟಿವ್ ಮೊದಲಿದ್ದರೆ ಪ್ರೆಸ್ಡ್‌ನ ಸರದಿ ಬರುವುದೇ ಇಲ್ಲ.

ಬೇರೆ ಕಂಟ್ರೋಲ್‌ಗಳ ಸ್ಟೈಲ್ ಹೆಸರು ಗೊತ್ತಿಲ್ಲದಿದ್ದರೆ ಅದರ ಮೇಲೆ 'ವಿನ್‌ಫೋ ಅಂಡರ್‌ಸ್ಕೋರ್ ಕ್ಲಾಸ್' ಕರೆದು ಪ್ರಿಂಟ್ ಮಾಡಿ. ಪ್ರೋಗ್ರೆಸ್‌ಬಾರ್ ಸ್ವಲ್ಪ ತರಲೆ. ಹೆಸರಿನ ನಡುವೆ 'ಹಾರಿಜಾಂಟಲ್' ಸೇರಿಸದಿದ್ದರೆ ಲೇಔಟ್ ಸಿಗಲಿಲ್ಲ ಅಂತ ನಿಂತುಬಿಡುತ್ತದೆ.

ಕನ್ನಡದಲ್ಲಿ ಪ್ರೋಗ್ರಾಮ್ ಮಾಡುವವರಿಗೆ ನಿಜವಾದ ಕಾಟ ಟ್ರೀವ್ಯೂನಲ್ಲಿದೆ, ಅಂದರೆ ಸಾಮಾನಿನ ಪಟ್ಟಿ ತೋರಿಸುವ ಟೇಬಲ್‌ನಲ್ಲಿ. ಟಿಕೆ (ಟಿಕಿಂಟರ್‌ನ ಒಳಗಿರುವ ಮೂಲ ಲೈಬ್ರರಿ) 8.6ರಲ್ಲಿ ಅದರ ಸಾಲಿನ ಎತ್ತರ 20 ಪಿಕ್ಸೆಲ್, ಫಾಂಟ್ ದೊಡ್ಡದು ಮಾಡಿದರೂ ಅಷ್ಟೇ ಇರುತ್ತದೆ. ಇಂಗ್ಲಿಷ್‌ಗೆ ಹೇಗೋ ನಡೆಯುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅದು ಕತ್ತರಿಸಿಹೋಗುತ್ತದೆ. ಭಾವನ ಪಟ್ಟಿಯಲ್ಲಿ 'ಇಕ್ಕಳ' ಹೋಗಿ 'ಇಕಳ' ಆಗಿತ್ತು, 'ಸ್ಕ್ರೂ' ಬರೀ 'ಸೂ' ಆಗಿತ್ತು. 'ಟ್ರೀವ್ಯೂ' ಸ್ಟೈಲ್‌ಗೆ 'ರೋಹೈಟ್' ಕೊಡಬೇಕು (ಈ ಹೆಸರಿನ ಮುಂದೆ ಟಿ ಇಲ್ಲ, ನೆನಪಿರಲಿ). ಅಂದಾಜಿಗೆ 30 ಅಂತ ಹಾಕುವುದಕ್ಕಿಂತ ಫಾಂಟ್‌ನ 'ಮೆಟ್ರಿಕ್ಸ್'‌ನಿಂದ 'ಲೈನ್‌ಸ್ಪೇಸ್' (ಒಂದು ಸಾಲಿಗೆ ಬೇಕಾದ ಎತ್ತರ) ಕೇಳಿ, ಅದಕ್ಕೆ 8 ಕೂಡಿಸಿ ಕೊಡಿ. ಆಮೇಲೆ ಫಾಂಟ್ ಬದಲಾದರೆ ಈ ಎರಡು ಸಾಲನ್ನು ಮತ್ತೆ ಓಡಿಸಿದರೆ ಸಾಕು.

ಫಾಂಟ್ ವಿಷಯ: ವಿಂಡೋಸ್‌ನಲ್ಲಿ 'ನಿರ್ಮಲಾ ಯುಐ' ಸಾಕು. ಬಟನ್, ಲೇಬಲ್‌ಗೆ ಸ್ಟೈಲ್‌ನಲ್ಲೇ ಫಾಂಟ್ ಕೊಡಬಹುದು, ಎಂಟ್ರಿ (ಟೈಪ್ ಮಾಡುವ ಪೆಟ್ಟಿಗೆ) ಮತ್ತು ಕಾಂಬೋಬಾಕ್ಸ್ (ಪಟ್ಟಿಯಿಂದ ಆರಿಸುವ ಪೆಟ್ಟಿಗೆ) ಮಾತ್ರ ಕಿವಿಗೇ ಹಾಕಿಕೊಳ್ಳುವುದಿಲ್ಲ. ಸುಮ್ನೆ ಅವುಗಳ ಜೊತೆ ಗುದ್ದಾಡಬೇಡಿ. 'ನೇಮ್‌ಟುಫಾಂಟ್' ಬಳಸಿ 'ಟಿಕೆ ಡಿಫಾಲ್ಟ್ ಫಾಂಟ್', 'ಟಿಕೆ ಟೆಕ್ಸ್ಟ್ ಫಾಂಟ್' ಎರಡನ್ನೂ ಬದಲಾಯಿಸಿಬಿಡಿ, ಎಂಟ್ರಿ ಎರಡನೆಯದನ್ನು ನೋಡುತ್ತದೆ. ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ, ಅಲ್ಲಿ ಕನ್ನಡ ಬೇಕೇ ಬೇಕು ಅಂದರೆ ಕ್ಯೂಟಿ ಅನ್ನುವ ಬೇರೆ ಲೈಬ್ರರಿ ಕಡೆ ಹೋಗಿ.

ಕಾಂಬೋಬಾಕ್ಸ್ ಒತ್ತಿದಾಗ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ ಟಿಟಿಕೆಯದಲ್ಲ, ಹಳೆಯ ಲಿಸ್ಟ್‌ಬಾಕ್ಸ್. ಅದಕ್ಕೆ ಸ್ಟೈಲ್ ಹತ್ತುವುದಿಲ್ಲ. ರೂಟ್ ವಿಂಡೋ ಮಾಡಿದ ತಕ್ಷಣ, ಕಾಂಬೋಬಾಕ್ಸ್ ಮಾಡುವ ಮೊದಲೇ, 'ಆಪ್ಷನ್ ಅಂಡರ್‌ಸ್ಕೋರ್ ಆಡ್'‌ಗೆ ಸ್ಟಾರ್, ಟಿಕಾಂಬೋಬಾಕ್ಸ್, ಸ್ಟಾರ್, ಲಿಸ್ಟ್‌ಬಾಕ್ಸ್, ಡಾಟ್, ಫಾಂಟ್ ಇಷ್ಟನ್ನೂ ನಡುವೆ ಜಾಗ ಬಿಡದೆ ಬರೆದು ನಿಮ್ಮ ಫಾಂಟ್ ಕೊಡಿ. ಟಿ, ಸಿ, ಎಲ್ ಮೂರೂ ದೊಡ್ಡಕ್ಷರ. ಒಂದು ಚಿಕ್ಕದಾದರೂ ಎರರ್ ಬರಲ್ಲ, ಪಟ್ಟಿಯೂ ಬದಲಾಗಲ್ಲ.