ಶಾಲೆಯ ಅಂಗಳದಲ್ಲಿ ಪೊಂಗಲ್: ಮುಂಬಯಿಯ ಕನ್ನಡ ಶಾಲೆಗಳಿಗೊಂದು ಕೈಪಿಡಿ

ಮುಂಬಯಿಯಲ್ಲಿ ಕನ್ನಡ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಈಗ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಇರುವುದರಿಂದ, ಹಾಜರಿ ಪುಸ್ತಕದಲ್ಲಿ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಮನೆತನಗಳ ಹೆಸರುಗಳ ನಡುವೆ ತಮಿಳು ಹೆಸರುಗಳೂ ಸೇರಿಕೊಂಡಿರುತ್ತವೆ. ಮಾಟುಂಗಾ, ಸಯನ್, ಧಾರಾವಿ, ಚೆಂಬೂರು ಮೊದಲಾದ ಕಡೆಗಳಲ್ಲಿ ಎರಡೂ ಭಾಷೆಯವರು ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬದುಕಿದ್ದಾರೆ. ಇಂಥ ಶಾಲೆಯೊಂದು ಪೋಷಕರಿಗೂ ನೆರೆಹೊರೆಯವರಿಗೂ, ಮಡಕೆಯಲ್ಲಿ ಹಾಲು ಉಕ್ಕಿಸಿ ಹೊಸ ಅಕ್ಕಿ ಬೇಯಿಸುವ ತಮಿಳರ ಪೊಂಗಲ್ ಹಬ್ಬವನ್ನು ಏರ್ಪಡಿಸಬೇಕೆಂದಿದ್ದರೆ, ವೇದಿಕೆ ಮತ್ತು ಊಟದ ಲೆಕ್ಕಕ್ಕಿಂತ ಮೊದಲು, ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ತೀರ್ಮಾನಿಸಬೇಕು. ಅಂಗಳ, ನೀರು, ಪಾತ್ರೆ, ಓಡಾಡುವ ಕೈಗಳು ಶಾಲೆಯವಾಗಿರಲಿ. ಹಬ್ಬ ಹೇಗೆ ನಡೆಯಬೇಕೆಂಬ ಮಾತು ಮಾತ್ರ ತಮಿಳು ಕುಟುಂಬಗಳದಾಗಿರಲಿ. ಶಿಕ್ಷಕಿಯರೇ ರೇಷ್ಮೆ ಸೀರೆಯುಟ್ಟು, ಖಾಲಿ ಮಡಕೆಗೆ ಬಣ್ಣ ಬಳಿದಿಟ್ಟು, ಫೋಟೊ ತೆಗೆಸಿಕೊಂಡು ಮುಗಿಸುವ ಕಾರ್ಯಕ್ರಮಕ್ಕೆ ವೇಷಭೂಷಣ ಸ್ಪರ್ಧೆಯೆಂಬ ಹೆಸರೇ ಸರಿಯಾದೀತು.

ಆದ್ದರಿಂದ ಡಿಸೆಂಬರ್ ಮೊದಲ ವಾರದಲ್ಲಿಯೇ ಐದಾರು ತಮಿಳು ಪೋಷಕರನ್ನು, ಸಾಧ್ಯವಾದರೆ ಒಬ್ಬಿಬ್ಬರು ಅಜ್ಜಿಯರನ್ನೂ ಕೂಡಿಸಿಕೊಂಡು ಒಂದು ಸಮಿತಿಯನ್ನು ಮಾಡಿಕೊಳ್ಳಬೇಕು. ಆ ಸಭೆಯಲ್ಲಿ ಭಿನ್ನಾಭಿಪ್ರಾಯ ಬರುವುದು ಸಹಜ, ಏಕೆಂದರೆ ಧಾರಾವಿಯಲ್ಲಿ ನೆಲೆಸಿರುವ ತಿರುನೆಲ್ವೇಲಿ ಕಡೆಯವರ ಪದ್ಧತಿಯೂ ಮಾಟುಂಗಾದ ತಂಜಾವೂರು ಮತ್ತು ಪಾಲಕ್ಕಾಡು ಮೂಲದ ಮನೆಗಳ ಪದ್ಧತಿಯೂ ಒಂದೇ ಅಲ್ಲ. ಮಡಕೆ ಮಣ್ಣಿನದೋ ಹಿತ್ತಾಳೆಯದೋ, ಒಂದೋ ಎರಡೋ, ಜೊತೆಗೆ ಎಷ್ಟು ಬಗೆಯ ತರಕಾರಿ ಎಂಬ ಪ್ರಶ್ನೆಗಳಿಗೆ ಮನೆಗೊಂದು ಉತ್ತರವಿರುತ್ತದೆ. ಎಲ್ಲವನ್ನೂ ಕಲಸಿ ಯಾರ ಮನೆಯದೂ ಅಲ್ಲದ ಹಬ್ಬವೊಂದನ್ನು ಮಾಡುವುದಕ್ಕಿಂತ, ಈ ವರ್ಷ ಒಂದು ಮನೆಯ ಕ್ರಮವನ್ನು ಪೂರ್ತಿಯಾಗಿ ಅನುಸರಿಸಿ, ಮುಂದಿನ ವರ್ಷ ಇನ್ನೊಂದು ಕಡೆಯವರಿಗೆ ಮುಂದಾಳುತನ ಕೊಡುವುದು ಮೇಲು.

ದಿನದ ಆಯ್ಕೆಯಲ್ಲಿ ಎಚ್ಚರ ಬೇಕು. ತಮಿಳು ಪಂಚಾಂಗದ ಮಾರ್ಗಳಿ ಮಾಸದ ಕೊನೆಯ ದಿನ ಭೋಗಿ, ತೈ ಮಾಸದ ಮೊದಲ ದಿನ ಸೂರ್ಯನಿಗೆ ಸಲ್ಲುವ ತೈಪೊಂಗಲ್, ಮರುದಿನ ದನಕರುಗಳ ಮಾಟ್ಟುಪೊಂಗಲ್, ಅದರ ಮರುದಿನ ಬಂಧುಬಳಗವನ್ನು ಕಾಣಲು ಹೊರಡುವ ಕಾಣುಂ ಪೊಂಗಲ್ ಎಂದು ಹಬ್ಬ ನಾಲ್ಕು ದಿನಗಳಿಗೆ ಹರಡಿದೆ. ತೈಪೊಂಗಲ್ ಜನವರಿ 14 ಅಥವಾ 15ರಂದು ಬರುತ್ತದೆ, ಮತ್ತು ಅದು ಇಲ್ಲಿನ ಸಂಕ್ರಾಂತಿಯ ದಿನವೇ ಆಗಿರಬೇಕೆಂದಿಲ್ಲ. 2026ರಲ್ಲಿ ಮಹಾರಾಷ್ಟ್ರದ ಮಕರ ಸಂಕ್ರಾಂತಿ 14ರಂದು, ಪೊಂಗಲ್ 15ರಂದು ಬಂದವು. ಹಾಗಾಗಿ ಗೋಡೆಯ ಮರಾಠಿ ಕ್ಯಾಲೆಂಡರನ್ನು ನಂಬದೆ ತಮಿಳು ಪಂಚಾಂಗವನ್ನು ಕೇಳಿ ತಿಳಿಯಬೇಕು. ತೈಪೊಂಗಲ್ ದಿನದ ಬೆಳಿಗ್ಗೆ ತಾಯಂದಿರು ತಮ್ಮ ತಮ್ಮ ಮನೆಯ ಒಲೆಯ ಮುಂದಿರುವುದರಿಂದ ಶಾಲೆ ಆ ದಿನವನ್ನು ಬಿಟ್ಟುಬಿಡುವುದೇ ಒಳ್ಳೆಯದು. ಹೊರಗೆ ಹೋಗಿ ನಾಲ್ಕು ಜನರೊಂದಿಗೆ ಬೆರೆಯುವ ವಾಡಿಕೆಯಿರುವ ಕಾಣುಂ ಪೊಂಗಲ್ ದಿನ, ಇಲ್ಲವೇ ಅದರ ನಂತರದ ಶನಿವಾರ, ಎಲ್ಲ ರೀತಿಯಿಂದಲೂ ಹೊಂದುತ್ತದೆ. ತೈ ಮೊದಲ ದಿನವಲ್ಲದೆ ಹಾಲು ಉಕ್ಕಿಸಬಾರದು ಎಂದು ಹಿರಿಯರು ಹೇಳಿದರೆ, ತಮಿಳುನಾಡಿನ ಶಾಲಾ ಕಾಲೇಜುಗಳಲ್ಲಿ ರಜೆಗೆ ಮುಂಚೆಯೇ ಸಾಮೂಹಿಕ ಪೊಂಗಲ್ ನಡೆಯುವ ರೂಢಿಯನ್ನು ವಿನಯದಿಂದ ನೆನಪಿಸಬಹುದು. ಹತ್ತನೆಯ ತರಗತಿಯವರಿಗೆ ಆ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುತ್ತಿರುತ್ತವೆಯಾದ್ದರಿಂದ ಅವರಿಗೆ ಯಾವ ಹೊಣೆಯನ್ನೂ ಹಚ್ಚಬಾರದು.

ಅನುಮತಿಯ ವಿಷಯ ಚಿಕ್ಕದು, ಆದರೆ ಕೊನೆಯ ವಾರಕ್ಕೆ ಬಿಟ್ಟರೆ ದೊಡ್ಡದಾಗುತ್ತದೆ. ಅಂಗಳದಲ್ಲಿ ಒಲೆ ಉರಿಸುವುದನ್ನು ಆಡಳಿತ ಮಂಡಳಿಗೆ ಬರಹದಲ್ಲಿ ತಿಳಿಸಬೇಕು. ಧ್ವನಿವರ್ಧಕ ಬೇಕಾದರೆ ಸ್ಥಳೀಯ ಪೊಲೀಸ್ ಠಾಣೆಯನ್ನು ವಿಚಾರಿಸಬೇಕು, ಏಕೆಂದರೆ ಶಾಲೆ ಆಸ್ಪತ್ರೆಗಳ ಸುತ್ತಲಿನ 100 ಮೀಟರ್ ಪ್ರದೇಶಕ್ಕೆ ಶಾಂತ ವಲಯದ ನಿಯಮಗಳು ಅನ್ವಯಿಸಬಹುದು. ಭೋಗಿಯ ಹೆಸರಿನಲ್ಲಿ ಹಳೆಯ ವಸ್ತುಗಳನ್ನು ಸುಡುವ ಆಚರಣೆಯನ್ನು ಈ ನಗರದಲ್ಲಿ ಮಾಡಲೇಬಾರದು. ಅದರ ಬದಲು ಆ ವಾರ ಮಕ್ಕಳಿಂದ ತರಗತಿಯ ಕಪಾಟುಗಳನ್ನು ಖಾಲಿ ಮಾಡಿಸಿ, ಹಳೆಯ ಪುಸ್ತಕ ಮತ್ತು ಬಟ್ಟೆಗಳನ್ನು ಬೇಕಾದವರಿಗೆ ದಾಟಿಸಿದರೆ ಭೋಗಿಯ ಉದ್ದೇಶ ಈಡೇರುತ್ತದೆ.

ಸಾಮಾನುಗಳಿಗೆ ಬಹಳ ಅಲೆಯಬೇಕಾಗಿಲ್ಲ. ಎಲೆ ಸಮೇತವಾದ ಹಸಿ ಅರಿಶಿನದ ಗಿಡ, ಬಾಳೆ ಎಲೆ, ಮಾವಿನ ಸೊಪ್ಪು, ಹೂವು ಮಾಟುಂಗಾದ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನಗಳಲ್ಲಿ ಸಿಗುತ್ತವೆ. ಆದರೆ ಹಬ್ಬ ಕಳೆದ ಮೇಲಿನ ಶನಿವಾರಕ್ಕೆ ಕಾರ್ಯಕ್ರಮ ಇಟ್ಟುಕೊಂಡರೆ ಅರಿಶಿನದ ಗಿಡ ಮಾಯವಾಗಿರುತ್ತದೆ. ಆದ್ದರಿಂದ ಮೊದಲೇ ಕೊಂಡು ಬೇರಿನ ಭಾಗವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಕಬ್ಬು ನೇರಳೆಗಪ್ಪು ಸಿಪ್ಪೆಯದೇ ಆಗಿರಲಿ, ತುದಿಯ ಗರಿ ಕತ್ತರಿಸದೆ ಇರಲಿ. ಅಷ್ಟುದ್ದದ ಜಲ್ಲೆಗಳನ್ನು ಲೋಕಲ್ ರೈಲಿನಲ್ಲಿ ತರುವ ಸಾಹಸ ಬೇಡ, ಟೆಂಪೊ ಗೊತ್ತುಮಾಡಿಕೊಳ್ಳಬೇಕು. ಮಣ್ಣಿನ ಮಡಕೆಗೆ ಧಾರಾವಿಯ ಕುಂಭಾರವಾಡವಿದೆ. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರು ಮಾಡಿದ ಮಡಕೆಯಲ್ಲಿ, ಕನ್ನಡ ಶಾಲೆಯ ಅಂಗಳದಲ್ಲಿ, ತಮಿಳರ ಹಬ್ಬದ ಅನ್ನ ಬೇಯುವುದು ಮುಂಬಯಿಯಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಕೊಳ್ಳುವಾಗ ಅಡುಗೆಗೆಂದೇ ಕೇಳಬೇಕು. ಬಣ್ಣ ಬಳಿದ ಅಲಂಕಾರದ ಮಡಕೆಯಲ್ಲಿ ಏನನ್ನೂ ಬೇಯಿಸಬಾರದು.

ಹೊಸ ಮಡಕೆಯನ್ನು ನೇರವಾಗಿ ಬೆಂಕಿಗೆ ಇಟ್ಟರೆ ಬಿರುಕು ಬಿಡುವ ಸಂಭವವಿರುವುದರಿಂದ, ಅದನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮರುದಿನ ಅಕ್ಕಿ ತೊಳೆದ ನೀರನ್ನು ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ತಾನಾಗಿ ಆರಲು ಬಿಡಬೇಕು. ಒಂದು ಹೆಚ್ಚಿನ ಮಡಕೆಯನ್ನೂ ಹೀಗೆಯೇ ಪಳಗಿಸಿಟ್ಟುಕೊಂಡಿರಬೇಕು. ಒಲೆಯ ಜಾಗವನ್ನು ವಾರದ ಮೊದಲೇ ಗೊತ್ತುಮಾಡುವುದು ಅವಶ್ಯ, ಏಕೆಂದರೆ ಜನವರಿ ನಡುವಿನಲ್ಲಿ ಇಲ್ಲಿ ಸೂರ್ಯೋದಯ ಸುಮಾರು 7.15ಕ್ಕಾದರೂ ಸುತ್ತಲಿನ ಕಟ್ಟಡಗಳ ನೆರಳು ಸರಿದು ಅಂಗಳಕ್ಕೆ ಬಿಸಿಲು ಬೀಳುವುದು ಬಹಳ ತಡವಾಗಿ. ಸೂರ್ಯನ ಹಬ್ಬದಲ್ಲಿ ಸೂರ್ಯ ಕಾಣಿಸಬೇಕಲ್ಲವೇ? ಎಂಟೂವರೆಗೆ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿ, ಅಲ್ಲಿ ಮೂರು ಇಟ್ಟಿಗೆಗಳ ಒಲೆ ಹೂಡಿ, ಎರಡೂ ಬದಿಗೆ ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ ತುದಿ ಕಟ್ಟಬೇಕು. ಸುತ್ತ ಎರಡು ಮೀಟರ್ ಬಿಟ್ಟು ಹಗ್ಗ ಎಳೆದು, ಮರಳಿನ ಬಕೆಟ್ಟು ಮತ್ತು ಅಗ್ನಿಶಾಮಕ ಸಿಲಿಂಡರನ್ನು ಕೈಗೆಟುಕುವಂತೆ ಇಡಬೇಕು. ಸೌದೆಯ ಒಲೆ ಇದೊಂದೇ ಸಾಕು. ಎಲ್ಲರಿಗೂ ಬಡಿಸುವ ಪೊಂಗಲನ್ನು ಅಡುಗೆಮನೆಯ ಗ್ಯಾಸಿನ ಮೇಲೆಯೇ ಮಾಡಬೇಕು.

ಮಡಕೆಯ ಕೊರಳಿಗೆ ಅರಿಶಿನದ ಗಿಡವನ್ನು ಕಟ್ಟಿ, ಅಕ್ಕಿ ತೊಳೆದ ಎರಡನೆಯ ನೀರಿಗೆ ಹಾಲು ಬೆರೆಸಿ ಭುಜದವರೆಗೆ ತುಂಬಬೇಕು. ಅರ್ಧ ಮಾತ್ರ ತುಂಬಿದರೆ ಎಷ್ಟು ಕಾದರೂ ಉಕ್ಕುವುದಿಲ್ಲ, ಮಕ್ಕಳ ತಾಳ್ಮೆ ಮಾತ್ರ ಬತ್ತುತ್ತದೆ. ನೊರೆ ಅಂಚು ದಾಟಿ ಇಳಿದ ಕ್ಷಣ ಎಲ್ಲರೂ ‘ಪೊಂಗಲೋ ಪೊಂಗಲ್’ ಎಂದು ಕೂಗಬೇಕು. ಆ ಕೂಗನ್ನು ಮೊದಲೇ ಅಭ್ಯಾಸ ಮಾಡಿಸಬೇಕಾಗಿಲ್ಲ, ಒಬ್ಬರು ಆರಂಭಿಸಿದರೆ ಸಾಕು. ಅನಂತರ ಒಂದಿಷ್ಟು ನೀರನ್ನು ಮೊಗೆದು ತೆಗೆದಿಟ್ಟು, ಹೊಸ ಅಕ್ಕಿಯನ್ನು ಹಿಡಿಹಿಡಿಯಾಗಿ ಹಾಕುವ ಕೆಲಸದಲ್ಲಿ ದೊಡ್ಡವರ ಕೈಹಿಡಿದು ಮಕ್ಕಳೂ ಪಾಲ್ಗೊಳ್ಳಬಹುದು.

ಅಳತೆ ಹೀಗೆ ಇಟ್ಟುಕೊಳ್ಳಬಹುದು. ಒಂದು ಕಿಲೊ ಹೊಸ ಅಕ್ಕಿಗೆ 250 ಗ್ರಾಂ ಹುರಿದ ಹೆಸರುಬೇಳೆ, ಒಂದೂವರೆಯಿಂದ ಒಂದೂಮುಕ್ಕಾಲು ಕಿಲೊ ಬೆಲ್ಲ, ಹಾಲು ನೀರು ಸೇರಿ ಐದು ಲೀಟರ್, ತುಪ್ಪ 250 ಗ್ರಾಂ, ಗೋಡಂಬಿ ದ್ರಾಕ್ಷಿ ತಲಾ 100 ಗ್ರಾಂ ಮತ್ತು ಏಲಕ್ಕಿ. ಇದು ಪ್ರಸಾದದ ಪ್ರಮಾಣದಲ್ಲಿ 60ರಿಂದ 70 ಮಂದಿಗೆ ಆಗುತ್ತದೆ. ಕೊಲ್ಹಾಪುರದ ಬೆಲ್ಲ ಇಲ್ಲಿ ಎಲ್ಲೆಡೆ ದೊರೆಯುತ್ತದೆ, ಅದರಲ್ಲಿ ಕಂದು ಬಣ್ಣದ್ದನ್ನು ಆರಿಸಬೇಕು. ಬೆಲ್ಲವನ್ನು ಕರಗಿಸಿ ಸೋಸದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ. ಅಕ್ಕಿ ಬೇಳೆ ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದ ಮೇಲೆಯೇ ಬೆಲ್ಲ ಹಾಕಬೇಕು, ಏಕೆಂದರೆ ಸಿಹಿ ಬಿದ್ದ ನಂತರ ಅಕ್ಕಿ ಮತ್ತೆ ಮೆತ್ತಗಾಗುವುದಿಲ್ಲ. ಗೋಡಂಬಿ ಒಗ್ಗದ ಮಕ್ಕಳಿಗಾಗಿ ಒಂದು ಪಾಲನ್ನು ಮೊದಲೇ ಬೇರೆ ತೆಗೆದಿಡಬೇಕು. ಜೊತೆಗೆ ಮೆಣಸು ಜೀರಿಗೆಯ ಖಾರ ಪೊಂಗಲ್ ಇದ್ದರೆ ಧನುರ್ಮಾಸದ ಹುಗ್ಗಿಯನ್ನು ಬಲ್ಲ ಮೈಸೂರು ಕಡೆಯವರು ಎರಡನೆಯ ಸಲ ಬರುತ್ತಾರೆ. ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು.

ಒಲೆ ಯಾರು ಹೊತ್ತಿಸಬೇಕೆಂಬ ಪ್ರಶ್ನೆಗೆ ಶಾಲೆಯ ಉತ್ತರ ಸ್ಪಷ್ಟವಾಗಿರಬೇಕು. ಸುಮಂಗಲಿಯರೇ ಆಗಬೇಕು, ಇಂಥ ಮನೆಯವರೇ ಆಗಬೇಕು ಎಂಬ ಷರತ್ತು ಶಾಲೆಯ ಅಂಗಳಕ್ಕೆ ಸಲ್ಲದು. ತಮಿಳುನಾಡಿನಲ್ಲಿ ಎಲ್ಲ ಮತದವರು ಸೇರಿ ಆಚರಿಸುವ ‘ಸಮತ್ತುವ ಪೊಂಗಲ್’ ರೂಢಿಯಲ್ಲಿದೆ, ಚರ್ಚುಗಳಲ್ಲಿಯೂ ಮಡಕೆ ಉಕ್ಕುತ್ತದೆ. ಆ ಮಾದರಿಯನ್ನೇ ಹಿಡಿದು, ಪುರೋಹಿತರನ್ನು ಕರೆಯದೆ, ಹಿರಿಯರೊಬ್ಬರು ಸೂರ್ಯನಿಗೆ ಕೈಮುಗಿದರೆ ಪೂಜೆ ಪೂರ್ಣವಾಗುತ್ತದೆ. ಕೈಮುಗಿಯಲು ಇಷ್ಟವಿಲ್ಲದವರು ಸುಮ್ಮನೆ ನಿಲ್ಲಬಹುದು.

ತಮಿಳರ ರಂಗೋಲಿಯಾದ ಕೋಲಂ ವಿಷಯದಲ್ಲಿ ನಮ್ಮ ಚುಕ್ಕಿ ರಂಗೋಲಿಯ ಪರಿಚಯ ಬಹಳ ಸಹಾಯಕ. ಗೇಟಿನಿಂದ ಒಲೆಯವರೆಗಿನ ದಾರಿಯನ್ನು ಹಿಂದಿನ ಸಂಜೆ ತೊಳೆದಿಟ್ಟು, ಬೆಳಿಗ್ಗೆ ಆರಕ್ಕೆ ಆರಂಭಿಸಬೇಕು. ಇಲ್ಲಿನ ಅಂಗಳಗಳಲ್ಲಿ ಹಾಸಿರುವ ಪೇವರ್ ಬ್ಲಾಕುಗಳ ಸಂದಿಗೆ ಒಣ ಪುಡಿ ಇಳಿದುಹೋಗುವುದರಿಂದ, ನೆನೆಸಿ ರುಬ್ಬಿದ ಅಕ್ಕಿಯ ಹಿಟ್ಟಿನಲ್ಲಿ ಬೆರಳಿನಿಂದ ಎಳೆಯುವ ಮಾಕೋಲಂ ಅನುಕೂಲ. ಸುತ್ತ ಕೆಮ್ಮಣ್ಣಿನ ಅಂಚು ಬರೆದರೆ ಬಿಳಿ ಗೆರೆ ಎದ್ದು ಕಾಣುತ್ತದೆ.

ಮಾಟ್ಟುಪೊಂಗಲಿಗೆ ಹಸುವನ್ನು ಶಾಲೆಗೆ ಕರೆತರುವ ಆಸೆಯನ್ನು ಬಿಡಬೇಕು. ಗದ್ದಲ, ಸಂಚಾರ, ಬಿಸಿಲು ಪ್ರಾಣಿಗೆ ಹಿಂಸೆ. ಸಣ್ಣ ತರಗತಿಯವರು ಜೇಡಿಮಣ್ಣಿನ ಎತ್ತುಗಳನ್ನು ಮಾಡಿ ಕೊಂಬಿಗೆ ಬಣ್ಣ ಹಚ್ಚಲಿ. ದೊಡ್ಡ ತರಗತಿಯವರು ಹೋರಿ ಹಿಡಿಯುವ ಆಟವಾದ ಅಲಂಗನಲ್ಲೂರಿನ ಜಲ್ಲಿಕಟ್ಟಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಸುಪ್ರೀಂ ಕೋರ್ಟು 2014ರಲ್ಲಿ ಅದನ್ನು ನಿಷೇಧಿಸಿದ್ದನ್ನೂ, 2017ರಲ್ಲಿ ತಮಿಳುನಾಡು ಕಾನೂನು ತಿದ್ದಿದ್ದನ್ನೂ, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಜಲ್ಲಿಕಟ್ಟು, ನಮ್ಮ ಕಂಬಳ ಮತ್ತು ಮಹಾರಾಷ್ಟ್ರದ ಎತ್ತಿನ ಗಾಡಿ ಓಟ ಮೂರರ ಕಾನೂನುಗಳನ್ನೂ ಒಟ್ಟಿಗೆ ಎತ್ತಿಹಿಡಿದದ್ದನ್ನೂ ತಿಳಿಸಿ, ಪರ ವಿರೋಧಗಳೆರಡಕ್ಕೂ ಮಾತನಾಡಲು ಬಿಟ್ಟರೆ ಮೂರು ರಾಜ್ಯಗಳ ಮಕ್ಕಳಿಗೂ ಹೇಳಲು ಏನಾದರೂ ಇರುತ್ತದೆ.

ವೇದಿಕೆಯ ಕಾರ್ಯಕ್ರಮ ಮುಕ್ಕಾಲು ಗಂಟೆ ಮೀರದಿರಲಿ. ಕುಮ್ಮಿ ಮತ್ತು ಕೋಲಾಟ್ಟಂ ಎರಡೂ ನೆಲದ ಮೇಲೆಯೇ ವೃತ್ತದಲ್ಲಿ ನಡೆಯುವ ಕುಣಿತಗಳಾದ್ದರಿಂದ ಅವಕ್ಕೆ ವೇದಿಕೆ ಬೇಕಿಲ್ಲ. ಮಾಟ್ಟುಪೊಂಗಲ್ ದಿನವನ್ನು ತಮಿಳುನಾಡು ತಿರುವಳ್ಳುವರ್ ದಿನವಾಗಿಯೂ ಆಚರಿಸುತ್ತದೆ; ಆ ಕವಿಯ ತಿರುಕ್ಕುರಳಿನ 104ನೆಯ ಅಧ್ಯಾಯ ಬೇಸಾಯಕ್ಕೇ ಮೀಸಲು. ಅದರಿಂದ ಒಂದು ಕುರಳನ್ನು, ಅಂದರೆ ದ್ವಿಪದಿಯನ್ನು, ತಮಿಳು ಮಗುವೂ, ಮೇಟಿ ವಿದ್ಯೆಯನ್ನು ಹೊಗಳುವ ಸರ್ವಜ್ಞನ ತ್ರಿಪದಿಯನ್ನು ಕನ್ನಡ ಮಗುವೂ ಹೇಳಲಿ. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡ ಸಂಗತಿಯನ್ನು ನಿರೂಪಕರು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಭಾಷಣ ಬೇಡ. ಆಮಂತ್ರಣ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇರಬೇಕು. ತಮಿಳು ಬರಹವನ್ನು ಫೋನಿನ ಅನುವಾದಕ್ಕೆ ಒಪ್ಪಿಸದೆ ಪೋಷಕರೊಬ್ಬರಿಂದ ಬರೆಸಿ ಇನ್ನೊಬ್ಬರಿಂದ ಓದಿಸಬೇಕು. ನಮ್ಮ ಎಳ್ಳು ಬೆಲ್ಲವನ್ನೂ ಮರಾಠಿ ಮನೆಗಳ ತಿಳ್‌ಗುಳ್ ಉಂಡೆಯನ್ನೂ ಬೀಳ್ಕೊಡುವಾಗ ಗೇಟಿನ ಬಳಿ ಹಂಚಬಹುದು. ಅವನ್ನು ನಡುವೆ ತಂದರೆ ಕಾರ್ಯಕ್ರಮ ಸಾಮಾನ್ಯ ಸಂಕ್ರಾಂತಿಯಾಗಿಬಿಡುತ್ತದೆ, ಕರೆಸಿಕೊಂಡವರ ಹಬ್ಬ ಹಿಂದೆ ಸರಿಯುತ್ತದೆ.

ಬಡಿಸುವುದನ್ನು ಹತ್ತೂವರೆಯ ಒಳಗೆ ಆರಂಭಿಸಬೇಕು, ಹಾಲು ಬಿದ್ದ ಅಡುಗೆಯನ್ನು ಮಧ್ಯಾಹ್ನದ ಸೆಕೆಗೆ ಉಳಿಸಬಾರದು. ಕಬ್ಬನ್ನು ಗೆಣ್ಣು ಬಿಟ್ಟು ಗೇಣುದ್ದಕ್ಕೆ ಕತ್ತರಿಸಿ ಕೊಡುವ ಜಾಗದಲ್ಲಿಯೇ ಜಗಿದ ಸಿಪ್ಪೆಗೆ ಬುಟ್ಟಿಗಳನ್ನಿಡದಿದ್ದರೆ, ಮೆಟ್ಟಿಲುಗಳ ಮೇಲೆಲ್ಲ ಅಂಟು ಮೆತ್ತಿಕೊಂಡು ಸೋಮವಾರದವರೆಗೂ ಇರುವೆಗಳು ಶಾಲೆ ನಡೆಸುತ್ತವೆ. ಸಿಪ್ಪೆ, ಬಾಳೆ ಎಲೆ, ಹೂವು ಹಸಿ ಕಸದ ಡಬ್ಬಿಗೆ ಹೋಗಬೇಕು. ಒಲೆಯ ಬೂದಿ ಪೂರ್ತಿ ತಣ್ಣಗಾದ ಮೇಲಷ್ಟೇ ಗಿಡಗಳ ಬುಡಕ್ಕೆ ಹೋಗಬೇಕು. ಖರ್ಚಿನ ಪಟ್ಟಿಯನ್ನೂ, ಯಾವ ಮನೆಯ ಕ್ರಮವನ್ನು ಅನುಸರಿಸಲಾಯಿತು ಎಂಬ ವಿವರವನ್ನೂ ಅದೇ ವಾರ ಒಂದೇ ಕಡತದಲ್ಲಿ ಸೇರಿಸಿ, ಅದರ ಒಂದು ಪ್ರತಿಯನ್ನು ಸಮಿತಿಯ ತಮಿಳು ಸದಸ್ಯರಿಗೆ ಕೊಡಬೇಕು.