ನಾಲ್ಕೂ ಚಕ್ರ ಎಳೆಯುವ ಕಾರಿಗೆ ಮನೆಯಲ್ಲೇ ಗೇರ್ ಎಣ್ಣೆ ಬದಲಿಸುವುದು

ನನ್ನ ಹಳೆಯ ಸುಬಾರು ಫಾರೆಸ್ಟರ್‌ನ ಹಿಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಪೆಟ್ಟಿಗೆ) 0.8 ಲೀಟರ್ ಎಣ್ಣೆ ಹಿಡಿಯುತ್ತದೆ. ಎರಡನೆಯ ಸಲ ಅದನ್ನು ಬಸಿದಾಗ ಅಳತೆಯ ಜಗ್‌ಗೆ ಬಿದ್ದದ್ದು 0.6 ಲೀಟರಿಗಿಂತ ಒಂದು ಗುಟುಕು ಕಡಿಮೆ. ಎಲ್ಲೋ ಸೋರುತ್ತಿದೆ ಎಂದುಕೊಂಡು ಟಾರ್ಚ್ ಹಿಡಿದು ಆಕ್ಸಲ್ ಸೀಲುಗಳನ್ನೆಲ್ಲ ಒರೆಸಿ ನೋಡಿದೆ. ಎಲ್ಲವೂ ಒಣಗಿದ್ದವು. ಕೊನೆಗೆ ನನ್ನ ಲೆಕ್ಕದ ಪುಸ್ತಕ ತೆಗೆದಾಗ ಕಳ್ಳ ಸಿಕ್ಕಿದ. ಹಿಂದಿನ ಸಲದ ಸಾಲಿನಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಮುಂದೆ ಎರಡು ಸ್ಟ್ಯಾಂಡ್.’ ಗೇರ್‌ಬಾಕ್ಸಿಗೆಂದು ಕಾರಿನ ಮೂತಿಯನ್ನಷ್ಟೇ ಎತ್ತಿದ್ದೆ. ಅದೇ ಭಂಗಿಯಲ್ಲಿ ಹಿಂದಿನದನ್ನೂ ಮುಗಿಸಿ ಕೈ ತೊಳೆದುಕೊಂಡಿದ್ದೆ. ತುಂಬುವ ರಂಧ್ರ ಇರುವುದು ಡಿಫರೆನ್ಷಿಯಲ್‌ನ ಹಿಂಬದಿಯ ಮುಚ್ಚಳದಲ್ಲಿ. ಮೂತಿ ಮೇಲಿದ್ದರೆ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಹೊಟ್ಟೆ ತುಂಬುವ ಮೊದಲೇ ಬಾಯಿಂದ ಹೊರಚೆಲ್ಲುತ್ತದೆ. ನಾನು ಅದನ್ನು ‘ತುಂಬಿತು’ ಎಂದು ಓದಿಕೊಂಡಿದ್ದೆ.

ಸ್ಪ್ಯಾನರ್ ಮುಟ್ಟುವ ಮೊದಲು ಯಾವ ಎಣ್ಣೆ ಯಾವ ಮನೆಯಲ್ಲಿದೆ ಎಂದು ತಿಳಿದಿರಬೇಕು. ನನ್ನದು ಐದು ಗೇರಿನ ಮ್ಯಾನ್ಯುಯಲ್. ಅದರಲ್ಲಿ ಗೇರ್‌ಬಾಕ್ಸ್, ನಡುವಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್ ಮೂರೂ ಒಂದೇ ಕೂಡುಕುಟುಂಬ. ಎಲ್ಲಕ್ಕೂ ಸೇರಿ ಸುಮಾರು 3.5 ಲೀಟರ್. ಹಿಂದಿನ ಡಿಫರೆನ್ಷಿಯಲ್ ಮಾತ್ರ ಬೇರೆ ಮನೆ. ಅದೇ ಕಾರಿನ ಆಟೊಮ್ಯಾಟಿಕ್ ಮಾದರಿಯಲ್ಲಿ ಮುಂದಿನ ಡಿಫರೆನ್ಷಿಯಲ್ಲಿಗೂ ಸ್ವಂತ ಎಣ್ಣೆ, ಸ್ವಂತ ಅಳತೆ ಕಡ್ಡಿ ಇದೆ. ಎಂಜಿನ್ ಎಣ್ಣೆ ಬಸಿಯಲು ಹೋಗಿ ಗೇರ್‌ಬಾಕ್ಸಿನ ಕೆಂಪು ದ್ರವವನ್ನು ಬಸಿದು, ಮೊದಲೇ ತುಂಬಿದ್ದ ಎಂಜಿನ್ನಿಗೆ ಇನ್ನೊಂದು ಪಾಲು ಸುರಿದವರು ಬಹಳ ಮಂದಿ. ಎಂಜಿನ್ ಅಡ್ಡಲಾಗಿ ಕುಳಿತ ಕಾರುಗಳಲ್ಲಿ ಲೆಕ್ಕ ಇನ್ನೂ ಬೇರೆ: ಗೇರ್‌ಬಾಕ್ಸಿಗೆ ಅಂಟಿಕೊಂಡು ಹಿಂದಕ್ಕೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಘಟಕ, ಹಿಂದಿನ ಆಕ್ಸಲ್ ಬಳಿ ಹಾಲ್ಡೆಕ್ಸ್‌ನಂಥ ಕ್ಲಚ್ ಘಟಕ, ಅದರ ಬೆನ್ನಿಗೆ ಡಿಫರೆನ್ಷಿಯಲ್. ಕೊನೆಯ ಎರಡು ಹೊರಗಿನಿಂದ ಒಂದೇ ಮುದ್ದೆಯಂತೆ ಕಂಡರೂ ಎಣ್ಣೆ ಬೇರೆ, ಪ್ಲಗ್ ಬೇರೆ. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಿದರೆ ಕ್ಲಚ್ ತಟ್ಟೆಗಳು ಹಾಳಾಗುತ್ತವೆ.

ಎಣ್ಣೆಯ ಆಯ್ಕೆಯಲ್ಲಿ ಕೈಪಿಡಿಯ ಮಾತೇ ಕೊನೆಯದು. ಸೀಸೆಯ ಮೇಲಿನ 75ಡಬ್ಲ್ಯು-90 ನೋಡಿ ಇದೇನು ಡಾಂಬರೇ ಎಂದು ಗಾಬರಿಯಾಗಬೇಕಿಲ್ಲ. ಗೇರ್ ಎಣ್ಣೆಯ ಅಂಕಿಗಳು ಬೇರೆ ಮಾಪಕದವು. ಎಂಜಿನ್ ಎಣ್ಣೆಯ ಮಾಪಕದಲ್ಲಿ ಅಳೆದರೆ ಅದು ಹೆಚ್ಚುಕಡಿಮೆ 10ಡಬ್ಲ್ಯು-40ರಷ್ಟೇ ದಪ್ಪ. ನಿಜವಾಗಿ ನೋಡಬೇಕಾದದ್ದು ಜಿಎಲ್-4 ಅಥವಾ ಜಿಎಲ್-5 ಎಂಬ ಗುರುತನ್ನು. ಹಿಂದಿನ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಉಜ್ಜಾಟ ತಡೆಯಲು ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ. ಹಾಗಾಗಿಯೇ ಆ ನಾತ. ಆದರೆ ಅದೇ ಗಂಧಕ ಕೆಲವು ಗೇರ್‌ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು, ಅಂದರೆ ಗೇರ್ ಬದಲಿಸುವಾಗ ವೇಗ ಹೊಂದಿಸುವ ಉಂಗುರಗಳನ್ನು, ಸವೆಸಬಲ್ಲದು. ಅಂಥವಕ್ಕೆ ಜಿಎಲ್-4 ಬೇಕು. ಮ್ಯಾನ್ಯುಯಲ್ ಎಂದರೆ ಯಾವಾಗಲೂ ಜಿಎಲ್-4 ಎಂದು ಅಡ್ಡಗೋಡೆ ಕಟ್ಟುವವರ ಮಾತು ಕೇಳಿ ನಾನೂ ಒಮ್ಮೆ ತಪ್ಪು ಸೀಸೆ ತಂದಿದ್ದೆ. ನನ್ನ ಕಾರಿನ ಕೈಪಿಡಿ ಕೇಳುವುದು ಜಿಎಲ್-5, ಏಕೆಂದರೆ ಮುಂದಿನ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳೂ ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಮೀಯುತ್ತವೆ. ಹಿಂದೆ ಕ್ಲಚ್ ಮಾದರಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವಂಥದ್ದು) ಇದ್ದರೆ ಅದಕ್ಕೆ ತಕ್ಕ ಎಣ್ಣೆಯನ್ನೇ ಹಾಕಿ. ಇಲ್ಲವಾದರೆ ತಿರುವಿನಲ್ಲಿ ಗುರುಗುಟ್ಟುತ್ತದೆ.

ಕೆಲಸಕ್ಕೆ ಮೊದಲು ಹದಿನೈದು ನಿಮಿಷ ಕಾರು ಓಡಿಸಿ ಬನ್ನಿ. ಎಣ್ಣೆ ಬೆಚ್ಚಗಾದರೆ ಸರಾಗವಾಗಿ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ಸೈಲೆನ್ಸರ್ ಕೊಳವೆ ಮಾತ್ರ ಬೆಚ್ಚಗಲ್ಲ, ಸುಡುತ್ತಿರುತ್ತದೆ. ನನ್ನ ಎಡ ಮೊಣಕೈ ಮೇಲೆ ಅದರ ಸಹಿ ಇದೆ.

ನಂತರ ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಾಲ್ಕೂ ಮೂಲೆಗಳನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಎತ್ತುವುದಕ್ಕೆ ಮಾತ್ರ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಸಿಲ್ (ಬಾಗಿಲ ಕೆಳಗಿನ ಅಂಚು) ಮೇಲೆ ಮಟ್ಟಗೋಲು ಇಟ್ಟು ನೋಡಿ, ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ, ಆಮೇಲೆ ಒಳಗೆ ತೆವಳಿ. ಎರಡೇ ಚಕ್ರ ಎತ್ತಿದ ಸ್ಥಿತಿಯಲ್ಲಿ ಎಂಜಿನ್ ಚಾಲು ಮಾಡಿ ಗೇರ್ ಹಾಕಿದರೆ ನೆಲದ ಮೇಲಿನ ಚಕ್ರಗಳು ಕಾರನ್ನು ಸ್ಟ್ಯಾಂಡಿನಿಂದ ಎಳೆದು ಬೀಳಿಸುತ್ತವೆ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರಿನ ಅಭ್ಯಾಸ ಇಲ್ಲಿ ಅಪಾಯಕಾರಿ.

ಈಗ ಮುಖ್ಯ ಮಾತು. ಬಸಿಯುವ ಪ್ಲಗ್ ಮುಟ್ಟುವ ಮೊದಲು ತುಂಬುವ ಪ್ಲಗ್ ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನದು ತಿರುಗದೆ ಹೋದರೆ, ಕಾರು ಬಾಯಿ ಹೊಲಿದ ಖಾಲಿ ಹೊಟ್ಟೆಯೊಂದಿಗೆ ಕುಳಿತಿರುತ್ತದೆ, ಗ್ಯಾರೇಜಿಗೂ ಓಡಿಸಲಾಗುವುದಿಲ್ಲ. ನನ್ನ ಕಾರಿನಲ್ಲಿ ಹಿಂದಿನ ಎರಡೂ ಪ್ಲಗ್‌ಗಳಿಗೆ ಅರ್ಧ ಇಂಚಿನ ಚೌಕ ತಲೆಯ ಹಿಡಿ ನೇರವಾಗಿ ಕೂರುತ್ತದೆ. ಆ ಚೌಕದೊಳಗೆ ಮಣ್ಣು, ತುಕ್ಕು ಗಟ್ಟಿಯಾಗಿ ತುಂಬಿರುತ್ತದೆ. ಮೊಳೆಯಿಂದ ಕೆದಕಿ, ಬ್ರಶ್ಶಿನಿಂದ ಉಜ್ಜಿ, ತಳಮುಟ್ಟ ಶುಚಿ ಮಾಡದೆ ಹಿಡಿಯನ್ನು ಕೂರಿಸಬೇಡಿ. ಅರ್ಧ ಆಳಕ್ಕೆ ಕೂತ ಹಿಡಿ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಸಿಂಪಡಿಸಿಟ್ಟಿರಿ. ಬಿಚ್ಚುವಾಗ ರ‍್ಯಾಚೆಟ್ ಬೇಡ, ಉದ್ದನೆಯ ಬ್ರೇಕರ್ ಬಾರ್ ತೆಗೆದುಕೊಳ್ಳಿ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ನಂತರ ಬಿಚ್ಚುವ ಕಡೆಗೆ ತಿರುಗಿಸಿ. ‘ಟಕ್’ ಎಂಬ ಸದ್ದು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಆರು ಮೂಲೆಯ ತಲೆ ಇರುವ ಪ್ಲಗ್‌ಗೆ ಆರು ಮೂಲೆಯ ಸಾಕೆಟ್ಟೇ ಇರಲಿ. ಹನ್ನೆರಡು ಮೂಲೆಯದು ಜಾರುತ್ತದೆ.

ತುಂಬುವ ಪ್ಲಗ್ ಬಂತೆಂದರೆ ಕೆಳಗೆ ತಟ್ಟೆಯಿಟ್ಟು ಬಸಿಯುವ ಪ್ಲಗ್ ತೆಗೆಯಿರಿ. ಅದರ ತುದಿಯ ಅಯಸ್ಕಾಂತವನ್ನು ಒರೆಸಿ ಎಸೆಯುವ ಮುನ್ನ ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗಿರುವ ಬೂದು ಲೇಪ ಸಹಜ ಸವೆತ. ಉಗುರಿಗೆ ತಾಕುವ ಚೂರು, ಹಲ್ಲಿನ ತುಂಡು ಸಿಕ್ಕರೆ ಹೊಸ ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ. ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ನೀರು ನುಗ್ಗಿದೆ. ಸೀಲುಗಳನ್ನೂ, ಮೇಲೆ ಗಾಳಿಯಾಡಲು ಇರುವ ಪುಟ್ಟ ಕೊಳವೆಯನ್ನೂ ನೋಡಿ. ಆ ಕೊಳವೆ ಕಟ್ಟಿಕೊಂಡರೆ ಬಿಸಿಗೆ ಹಿಗ್ಗಿದ ಗಾಳಿ ಸೀಲುಗಳ ಮೂಲಕ ಎಣ್ಣೆಯನ್ನು ಹೊರದೂಡುತ್ತದೆ. ಬಸಿದ ಎಣ್ಣೆಯನ್ನು ಅಳೆದು ಬರೆದಿಡಿ. ನನ್ನ ಹಳೆಯ ತಪ್ಪು ಬಯಲಾದದ್ದು ಈ ಒಂದು ಚಾಳಿಯಿಂದ.

ವಾಷರ್ ಇರುವ ಪ್ಲಗ್‌ಗೆ ಪ್ರತಿ ಸಲವೂ ಹೊಸ ವಾಷರ್. ವಾಷರ್ ಇಲ್ಲದ ಕೆಲವಕ್ಕೆ ಎಳೆಗಳ ಮೇಲೆ ಸೀಲೆಂಟ್ ಹಚ್ಚಬೇಕು. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಮ್ ಆಗಿರುವುದರಿಂದ ತೋಳಿನ ಬಲ ತೋರಿಸುವ ಜಾಗ ಅದಲ್ಲ. ಕೈಪಿಡಿಯ ಅಂಕಿಗೆ ಟಾರ್ಕ್ ವ್ರೆಂಚ್ ಹೊಂದಿಸಿ, ಅದು ‘ಕ್ಲಿಕ್’ ಎಂದ ಕೂಡಲೇ ನಿಲ್ಲಿಸಿ.

ತುಂಬುವುದು ತಾಳ್ಮೆ ಕೆಡಿಸುವ ಕೆಲಸ. ರಂಧ್ರ ಪಕ್ಕಕ್ಕಿರುವುದರಿಂದ ಸೀಸೆಯನ್ನು ಬಗ್ಗಿಸಲು ಜಾಗವಿಲ್ಲ. ಕೈಪಂಪ್ ಕೊಂಡರೆ ಸುಖ. ನಾನು ಇಂದಿಗೂ ಮೇಲಿನಿಂದ ಪಾರದರ್ಶಕ ಕೊಳವೆ ಇಳಿಬಿಟ್ಟು ಆಲಿಕೆಯಿಂದ ಸುರಿಯುತ್ತೇನೆ. ಸೀಸೆಯನ್ನು ಮೊದಲೇ ಬಿಸಿನೀರಿನ ಬಕೆಟ್‌ನಲ್ಲಿ ನಿಲ್ಲಿಸಿದ್ದರೆ ಎಣ್ಣೆ ಬೇಗ ಇಳಿಯುತ್ತದೆ. ರಂಧ್ರದ ಕೆಳತುಟಿಯಿಂದ ಹೊರಬರತೊಡಗಿದರೆ ನಿಲ್ಲಿಸಿ. ಧಾರೆ ತೆಳುವಾಗಿ ತೊಟ್ಟಿಕ್ಕುವವರೆಗೆ ಕಾಯ್ದು ಮುಚ್ಚಿ. ಹಾಕಿದ ಪ್ರಮಾಣ ಕೈಪಿಡಿಯ ಅಂಕಿಗೆ ಸುಮಾರಾಗಿ ಹೊಂದದಿದ್ದರೆ ಕಾರು ಮಟ್ಟವಾಗಿಲ್ಲ ಅಥವಾ ನೀವು ತಪ್ಪು ರಂಧ್ರದಲ್ಲಿದ್ದೀರಿ.

ಗೇರ್‌ಬಾಕ್ಸಿನ ಕಥೆ ಚಿಕ್ಕದು. ನನ್ನ ಕಾರಿನಲ್ಲಿ ಬಸಿಯುವ ಪ್ಲಗ್‌ಗೆ ಟಿ-70 ಟಾರ್ಕ್ಸ್ ಬಿಟ್ ಬೇಕು. ತುಂಬುವುದು ಮೇಲಿನಿಂದ, ಅಳತೆ ಕಡ್ಡಿಯ ರಂಧ್ರದಲ್ಲಿ. ಮೂರು ಲೀಟರ್ ಹಾಕಿದ ಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ ಕಡ್ಡಿ ನೋಡುತ್ತಿರಿ. ಆಟೊಮ್ಯಾಟಿಕ್ ಆದರೆ ಒಂದು ಬಸಿತಕ್ಕೆ ಪೂರ್ತಿ ದ್ರವ ಬರುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಅದರ ಮಟ್ಟವನ್ನು ಕೈಪಿಡಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಉಷ್ಣತೆ ಓದುವ ಉಪಕರಣ ಇಲ್ಲದವರು ಆ ಭಾಗವನ್ನು ಬಿಟ್ಟುಬಿಡುವುದು ಲೇಸು.

ಟ್ರಾನ್ಸ್‌ಫರ್ ಘಟಕ ಇರುವವರಿಗೆ ಒಂದು ಮಾತು. ಅನೇಕ ಕಾರುಗಳಲ್ಲಿ ಅದರೊಳಗಿನ ಎಣ್ಣೆ ಒಂದು ಲೀಟರೂ ಇಲ್ಲ, ಪಕ್ಕದಲ್ಲೇ ಕಾದ ಎಕ್ಸಾಸ್ಟ್. ಅಷ್ಟು ಸ್ವಲ್ಪ ಎಣ್ಣೆ ಆ ಕಾವಿಗೆ ಕರಟಿ ಹೋಗುತ್ತದೆ. ಕೆಲವಕ್ಕೆ ಬಸಿಯುವ ಪ್ಲಗ್ಗೇ ಇಲ್ಲ; ತುಂಬುವ ರಂಧ್ರದಿಂದ ಪಂಪಿನಲ್ಲಿ ಹೀರಿ ತೆಗೆಯಬೇಕು. ‘ಜೀವಮಾನದ ಎಣ್ಣೆ’ ಎಂದು ಬರೆದಿದ್ದರೆ ಯಾರ ಜೀವಮಾನ ಎಂದು ನಾನು ಕೇಳುತ್ತೇನೆ, ಕೇಳಿಕೊಂಡು ಬದಲಿಸುತ್ತೇನೆ. ಹಾಲ್ಡೆಕ್ಸ್‌ನ ಐದನೆಯ ಪೀಳಿಗೆಯಲ್ಲಿ ಬದಲಿಸುವ ಫಿಲ್ಟರ್ ಇಲ್ಲ. ಪಂಪಿನ ಪುಟ್ಟ ಜಾಲರಿ ಕ್ಲಚ್ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಎಣ್ಣೆ ಬದಲಿಸುವಾಗಲೇ ಪಂಪ್ ಬಿಚ್ಚಿ ಅದನ್ನು ತೊಳೆಯಿರಿ.

ಕಾರು ಕೆಳಗಿಳಿಸಿ ಅರ್ಧ ಗಂಟೆ ಓಡಿಸಿ, ಪ್ಲಗ್‌ಗಳ ಕೆಳಗೆ ಒಣ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಲೆ ಇಲ್ಲದಿದ್ದರೆ ಸರಿ. ಹಳೆಯ ಎಣ್ಣೆಯನ್ನು ಖಾಲಿಯಾದ ಸೀಸೆಗಳಿಗೇ ತುಂಬಿ ಬಳಸಿದ ಎಣ್ಣೆ ಸಂಗ್ರಹಿಸುವ ಕಡೆಗೆ ಕೊಡಿ. ಕೂಲೆಂಟ್ ಅಥವಾ ಪೆಟ್ರೋಲ್ ಬೆರೆಸಿದರೆ ಅವರು ಮುಟ್ಟುವುದಿಲ್ಲ. ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಬಸಿದದ್ದು, ಹಾಕಿದ್ದು ಬರೆಯಿರಿ. ಎಷ್ಟು ಸ್ಟ್ಯಾಂಡ್ ಇಟ್ಟಿರಿ ಎಂಬುದನ್ನೂ. ಆ ದಿನದ ಅಂಗಿಯನ್ನು ಮಾತ್ರ ಮನೆಯವರ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡಿ. ಜಿಎಲ್-5ರ ನಾತ ಎರಡು ಒಗೆತಕ್ಕೂ ಹೋಗುವುದಿಲ್ಲ.