ನಿಮ್ಮೂರಿನ ವೀರಗಲ್ಲಿನ ಅರ್ಥ ಹೇಗೆ ಬದಲಾಗಿದೆ? ಪತ್ತೆ ಹಚ್ಚುವ ಬಗೆ

ವೀರಗಲ್ಲು ಕಂಡ ಕೂಡಲೇ ಅಕ್ಷರ ಹುಡುಕಲು ಹೋಗಬೇಡಿ. ಊರವರು ಅದನ್ನು ಏನೆಂದು ಕರೆಯುತ್ತಾರೆ, ಪೂಜೆ ಯಾವತ್ತು, ಯಾವ ಮನೆಯವರು ಮಾಡುತ್ತಾರೆ ಎಂದು ಮೊದಲು ಕೇಳಿ ಬರೆದುಕೊಳ್ಳಿ. ಈರಣ್ಣ ಅನ್ನಲಿ, ಬಟ್ಟೆ ಒಗೆಯೋ ಕಲ್ಲು ಅನ್ನಲಿ, ಅದೇ ಅದರ ಇವತ್ತಿನ ಅರ್ಥ. ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಒಬ್ಬರು ಹೇಳಿದ್ದಕ್ಕೆ ಉಳಿದವರು ಹೂಂಗುಟ್ಟುತ್ತಾರೆ.

ಆಮೇಲೆ ಶಿಲ್ಪ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ, ನಡುಹಗಲಲ್ಲಿ ಸವೆದ ಗೆರೆ ಕಣ್ಣಿಗೆ ಬೀಳುವುದಿಲ್ಲ. ನೆರಳಿದ್ದರೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒತ್ತಿಕೊಂಡಂತೆ ಹಿಡಿಯಿರಿ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ತುದಿಗೆ ಸೂರ್ಯಚಂದ್ರರು. ಕಾಳಗದ ಜೊತೆ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹಿಡಿದೊಯ್ಯುವಾಗ ನಡೆದ ಕಾಳಗ. ಬಳೆ ತೊಟ್ಟು ಮಡಚಿದ ತೋಳು ಕಂಬದಿಂದ ಚಾಚಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ಅಕ್ಷರಗಳನ್ನು ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ನೋಡಿ. ಎಣ್ಣೆ ಜಿಡ್ಡು ಕೆರೆಯಬೇಡಿ, ಸೀಮೆಸುಣ್ಣ ತುಂಬಬೇಡಿ. ತಂತಿ ಬ್ರಷ್ಷು, ಆಸಿಡ್ಡಂತೂ ಬೇಡವೇ ಬೇಡ.

ಬುಡವನ್ನು ಮರೆಯದೆ ನೋಡಿ. ಕಟ್ಟೆ ಕಟ್ಟಿ ಸಿಮೆಂಟ್ ಹಾಕಿದ ಕಡೆ ಕಾಳಗದ ಪಟ್ಟಿಕೆಯೇ ಹೂತುಹೋಗಿರುತ್ತದೆ. ಮೇಲೆ ಉಳಿಯುವುದು ಲಿಂಗವೊಂದೇ. ಯೋಧನ ಕಲ್ಲು ಶಿವನ ಕಲ್ಲಾಗುವುದು ಹೀಗೂ ಉಂಟು.

ಮುಂದಿನ ಕೆಲಸ 'ಎಪಿಗ್ರಾಫಿಯಾ ಕರ್ನಾಟಿಕಾ' ತೆಗೆಯುವುದು. ಬಿ.ಎಲ್. ರೈಸ್ ಶುರುಮಾಡಿದ ಈ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಕಲ್ಲು ಆಗ ಎಲ್ಲಿತ್ತು ಎಂಬುದನ್ನೂ ಬರೆದಿದ್ದಾರೆ. ಹೊಲದಲ್ಲಿದ್ದದ್ದು ಈಗ ಗುಡಿಯೊಳಗಿದ್ದರೆ, ನಡುವೆ ಏನಾಯಿತು ಎಂದು ಮತ್ತೆ ಊರವರನ್ನೇ ಕೇಳಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ: 'ಮೊದಲು ಸ್ಮಾರಕವಾಗಿತ್ತು, ತಿಳಿಯದ ಜನ ದೇವರು ಮಾಡಿದರು' ಎಂದು ಬರೆದುಬಿಡುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೋಡಿ. ಸುಮಾರು ಕ್ರಿ.ಶ. 949-50ರದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ್ದು. ಗೊರವನು (ಶಿವನ ಪೂಜಾರಿ) ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಶಾಸನವೇ ಹೇಳುತ್ತದೆ. ಅಂದರೆ ಪೂಜೆ ಆಮೇಲೆ ಅಂಟಿಕೊಂಡದ್ದಲ್ಲ, ನಿಲ್ಲಿಸಿದ ದಿನದ ಕಟ್ಟಳೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಅಲ್ಲಿ ಅದು, ಶಾಸನದಲ್ಲಿ ಬರುವ ತಕ್ಕೋಲದ ಯುದ್ಧಕ್ಕೆ (ರಾಷ್ಟ್ರಕೂಟರಿಗೂ ಚೋಳರಿಗೂ ನಡೆದದ್ದು) ಆಧಾರ, ಹಳಗನ್ನಡಕ್ಕೆ ಮಾದರಿ. ಪೂಜೆಯೊಂದು ತಪ್ಪಿತು.

ಹಾಗಾಗಿ ಟಿಪ್ಪಣಿಯಲ್ಲಿ ಹೆಸರು, ಬಳಕೆ, ಜಾಗ ಈ ಮೂರಕ್ಕೂ 'ಆಗ', 'ಈಗ' ಎಂದು ಬೇರೆ ಬೇರೆ ಸಾಲು ಇಡಿ. ಎತ್ತರ, ಅಗಲ ಸೆಂಟಿಮೀಟರಿನಲ್ಲಿರಲಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಅವತ್ತೇ ಬರೆಯಿರಿ. ರಸ್ತೆ ಅಗಲಿಸುವಾಗ ಒಮ್ಮೆ ಕಿತ್ತರೆ ಆ ದಿಕ್ಕು ಮತ್ತೆ ಸಿಗುವುದಿಲ್ಲ.